ಗುಲಾಬಿ ಕಲ್ಲಿನ ಬೆಟ್ಟದೂರು ಅಸ್ಸಿಸಿಯಲ್ಲಿ ಎರಡು ದಿನ

ಇಟಲಿ ಎಂದಾಕ್ಷಣ ನಮ್ಮವರ ಕಣ್ಣ ಮುಂದೆ ಬರುವುದು ರೋಮಿನ ಕೊಲೋಸಿಯಂ, ವೆನಿಸ್ಸಿನ ದೋಣಿ ಮತ್ತು ಪೀಸಾದ ವಾಲುಗೋಪುರ. ಮುಂಬಯಿಯಿಂದ ಹೊರಡುವ ಯುರೋಪ್ ಟೂರುಗಳೂ ಈ ಮೂರನ್ನು ತೋರಿಸಿ, ಗೋಪುರವನ್ನು ಕೈಯಿಂದ ತಡೆದು ನಿಲ್ಲಿಸುವ ಫೋಟೋ ತೆಗೆಸಿ, ಮುಂದಿನ ದೇಶಕ್ಕೆ ಬಸ್ಸು ಹತ್ತಿಸುತ್ತವೆ. 2025ರ ಅಕ್ಟೋಬರಿನಲ್ಲಿ ನಾವು ಹೋದದ್ದೂ ಅಂಥದೇ ಟೂರಿನಲ್ಲಿ. ಆದರೆ ರೋಮಿನಲ್ಲಿ ಟೂರು ಮುಗಿದು ಉಳಿದವರೆಲ್ಲ ವಿಮಾನ ನಿಲ್ದಾಣಕ್ಕೆ ಹೊರಟಾಗ ನಾನು ಮತ್ತು ನನ್ನ ಮಡದಿ ಮಾತ್ರ ರೈಲು ನಿಲ್ದಾಣದ ಕಡೆ ಹೊರಟೆವು. ಅದಕ್ಕೆ ಕಾರಣ ಬಾಯಮ್ಮ.

ಬಾಯಮ್ಮ ನಮ್ಮ ಕಟ್ಟಡದಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲಾಗಿ ಇಪ್ಪತ್ತಾರು ವರ್ಷ ಇದ್ದವರು. ಊರು ಫರಂಗಿಪೇಟೆಯ ಕಡೆ. ಅಲ್ಲಿ ಮೊಂತೆ ಮರಿಯಾನೊ ಎಂಬ ಗುಡ್ಡವಿದೆ. ಪೋರ್ಚುಗೀಸರ ಕಾಲದಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ನೆಲೆ ಮಾಡಿದ ಜಾಗ ಅದು. ಕರಾವಳಿಯ ಕ್ರೈಸ್ತ ಬಂಧುಗಳ ಮೊಂತಿ ಹಬ್ಬಕ್ಕೆ ಆ ಹೆಸರು ಬಂದದ್ದು ಇದೇ ಗುಡ್ಡದಿಂದ ಎನ್ನುತ್ತಾರೆ. ಆ ಸಂನ್ಯಾಸಿಗಳ ಮೂಲಪುರುಷ ಸಂತ ಫ್ರಾನ್ಸಿಸರ ಊರನ್ನು ಒಮ್ಮೆ ನೋಡಬೇಕೆಂಬುದು ಬಾಯಮ್ಮನ ಆಸೆಯಾಗಿತ್ತು. ಮಗಳ ಮದುವೆ, ಮನೆಯ ಸಾಲ, ಯಜಮಾನರ ಬೈಪಾಸ್ ಎಂದು ಅದು ಮುಂದೆ ಹೋಗುತ್ತಲೇ ಇತ್ತು. 2021ರ ಏಪ್ರಿಲಿನಲ್ಲಿ ಕೋವಿಡ್‌ನ ಎರಡನೇ ಅಲೆಯಲ್ಲಿ ಅವರು ತೀರಿಹೋದರು. ಕೊನೆಯ ದರ್ಶನವೂ ಇಲ್ಲ; ಬಾಲ್ಕನಿಯಿಂದ ಆಂಬುಲೆನ್ಸಿನ ಬೆನ್ನು ಕಂಡದ್ದಷ್ಟೆ. "ನಾನೇನಾದರೂ ಆ ಕಡೆ ಹೋದರೆ ನಿಮ್ಮ ಹೆಸರಲ್ಲಿ ಒಂದು ಬತ್ತಿ ಹಚ್ಚಿ ಬರುತ್ತೇನೆ ಬಾಯಮ್ಮ" ಎಂದು ನನ್ನವಳು ಎಂದೋ ಒಮ್ಮೆ ಮಾತು ಕೊಟ್ಟಿದ್ದಳಂತೆ. ಟೂರಿನ ಹಣ ಕಟ್ಟಿದ ಮರುದಿನವೇ ಅವಳು ಬಾಂದ್ರಾದ ಮೌಂಟ್ ಮೇರಿಯ ಮೆಟ್ಟಿಲ ಬಳಿಯ ಅಂಗಡಿಯಿಂದ ಒಂದು ಮೇಣದ ಬತ್ತಿ ತಂದು, ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದಳು.

ಬೆಟ್ಟದ ಮಗ್ಗುಲಿನ ಊರು

ರೋಮಿನ ತೆರ್ಮಿನಿ ನಿಲ್ದಾಣದಿಂದ ಅಸ್ಸಿಸಿಗೆ ರೈಲಿನಲ್ಲಿ ಎರಡರಿಂದ ಎರಡೂವರೆ ಗಂಟೆಯ ದಾರಿ. ಕೆಲವು ಗಾಡಿಗಳಾದರೆ ಫೊಲಿನ್ಯೊ ಎಂಬಲ್ಲಿ ಬದಲಾಯಿಸಬೇಕು. ಉಂಬ್ರಿಯಾ ಪ್ರಾಂತ್ಯಕ್ಕೆ ಸಮುದ್ರವಿಲ್ಲ. ಕಿಟಕಿಯ ಹೊರಗೆ ಉತ್ತ ಹೊಲ, ಆಲಿವ್ ತೋಪು, ಗುಡ್ಡದ ತುದಿಯಲ್ಲಿ ಗುಬ್ಬಚ್ಚಿ ಗೂಡಿನಂಥ ಊರುಗಳು. ನಿಲ್ದಾಣವಿರುವುದು ಬಯಲಿನಲ್ಲಿ, ಊರಿರುವುದು ಸುಮಾರು ನಾಲ್ಕು ಕಿಲೋಮೀಟರ್ ದೂರದ ಸುಬಾಸಿಯೊ ಬೆಟ್ಟದ ಮಗ್ಗುಲಲ್ಲಿ. ನಿಲ್ದಾಣದ ಹೊರಗೇ ಬಸ್ಸು ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ಮೊದಲು ಕಾಣುವುದು ಊರಲ್ಲ. ಊರಿನ ಪಶ್ಚಿಮದ ತುದಿಯಲ್ಲಿ ಕೋಟೆಯ ಬುಡದಂತೆ ಸಾಲು ಕಮಾನುಗಳ ಮೇಲೆ ಎದ್ದು ನಿಂತ ಸಂತ ಫ್ರಾನ್ಸಿಸ್ ಬೆಸಿಲಿಕಾ. ಅದರ ಬೆನ್ನಿಗೆ ಒಂದರ ಮೇಲೊಂದು ಕುಳಿತ ಮನೆಗಳು, ಎಲ್ಲಕ್ಕಿಂತ ಮೇಲೆ ರೊಕ್ಕಾ ಮಜ್ಜೋರೆ ಎಂಬ ಹಳೆಯ ಕೋಟೆ. ಇಡೀ ಊರನ್ನು ಬೆಟ್ಟದ್ದೇ ಕಲ್ಲಿನಿಂದ ಕಟ್ಟಿದ್ದಾರೆ. ಅದರ ಬಣ್ಣ ಬಿಳಿಯೂ ಅಲ್ಲ, ಗುಲಾಬಿಯೂ ಅಲ್ಲ. ಸಂಜೆಯ ಬಿಸಿಲು ಬಿದ್ದಾಗ ಮಾತ್ರ ಗುಲಾಬಿಯೇ ಎಂದು ನಿರ್ಧಾರವಾಗುತ್ತದೆ.

ಮಂಡಿನೋವಿನವರಿಗೆ ಒಂದು ಕಿವಿಮಾತು. ಬಸ್ಸಿನಿಂದ ಕೆಳಗಿನ ಬೆಸಿಲಿಕಾದ ಬಳಿ ಇಳಿಯಬೇಡಿ. ಮೇಲಿನ ಮತ್ತೆಯೊತ್ತಿ ಚೌಕದವರೆಗೆ ಹೋಗಿ ಅಲ್ಲಿಂದ ಇಳಿಯುತ್ತಾ ಊರು ನೋಡಿ. ನಾವು ಇದನ್ನು ಕಲಿತದ್ದು ತಡವಾಗಿ, ಸೂಟ್‌ಕೇಸುಗಳನ್ನು ಕಲ್ಲುಹಾಸಿನ ಏರಿನಲ್ಲಿ ಎಳೆದು ಏದುಸಿರು ಬಿಟ್ಟ ಮೇಲೆ. ನಮ್ಮ ವಸತಿ ಕನ್ಯಾಸ್ತ್ರೀಯರು ನಡೆಸುವ ಒಂದು ಅತಿಥಿಗೃಹದಲ್ಲಿತ್ತು. ಇಂಥ ಮಠಗಳ ಅತಿಥಿಗೃಹ ಅಸ್ಸಿಸಿಯಲ್ಲಿ ಹಲವಿವೆ. ಶುಚಿ, ಸರಳ, ರಾತ್ರಿ ಇಂತಿಷ್ಟು ಗಂಟೆಗೆ ಬಾಗಿಲು ಮುಚ್ಚುವ ಶಿಸ್ತು. ಬಾಗಿಲು ತೆರೆದ ಸಿಸ್ಟರ್ ಕೇರಳದವರು! ನನ್ನವಳ ಸೀರೆ ನೋಡಿ ಅವರ ಮುಖ ಅರಳಿತು. ಹರುಕು ಮುರುಕು ಹಿಂದಿಯಲ್ಲಿ ಇಬ್ಬರಿಗೂ ಮಾತು ಹತ್ತಿತು. ಬತ್ತಿಯ ವಿಷಯ ಹೇಳಿದ್ದಕ್ಕೆ ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಮಾಧಿಯ ಹತ್ತಿರ ನೀವು ಹಚ್ಚುವ ಹಾಗಿಲ್ಲ ಅಮ್ಮಾ. ಹೊಗೆಯಿಂದ ಗೋಡೆಯ ಚಿತ್ರಗಳು ಹಾಳಾಗುತ್ತವೆ. ಇಟ್ಟು ಬರಬೇಕು, ಆಮೇಲೆ ಅವರು ಪೂಜೆಯ ಹೊತ್ತಿಗೆ ಹಚ್ಚುತ್ತಾರೆ" ಎಂದರು. ನನ್ನವಳ ಮುಖ ಸಣ್ಣದಾಯಿತು.

ಯಾರು ಈ ಫ್ರಾನ್ಸಿಸ್?

ಊರು ನೋಡುವ ಮೊದಲು ಊರಿಗೆ ಹೆಸರು ತಂದವನ ಕತೆ ತಿಳಿದಿರಬೇಕು. ಸುಮಾರು 1181ರಲ್ಲಿ ಇಲ್ಲಿನ ಬಟ್ಟೆ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೋನೆಯ ಮಗನಾಗಿ ಹುಟ್ಟಿದವನು ಫ್ರಾನ್ಸಿಸ್. ಕೈತುಂಬ ಹಣ, ಗೆಳೆಯರ ಕೂಟ, ಹಾಡು, ಔತಣ. ಪಕ್ಕದ ಊರು ಪೆರೂಜಾದ ಮೇಲಿನ ಕಾಳಗದಲ್ಲಿ ಸೆರೆಸಿಕ್ಕಿ ಸುಮಾರು ಒಂದು ವರ್ಷ ಜೈಲಿನಲ್ಲಿದ್ದು ಬಂದ. ಅನಂತರ ಕಾಯಿಲೆ. ಅಲ್ಲಿಂದ ಮನಸ್ಸು ತಿರುಗಿತು. ಊರ ಹೊರಗಿನ ಸಾನ್ ದಮಿಯಾನೊ ಎಂಬ ಪಾಳು ಇಗರ್ಜಿಯಲ್ಲಿ ಶಿಲುಬೆಯ ಚಿತ್ರದ ಮುಂದೆ ಕುಳಿತಿದ್ದಾಗ, ಬಿದ್ದುಹೋಗುತ್ತಿರುವ ತನ್ನ ಮನೆಯನ್ನು ದುರಸ್ತಿ ಮಾಡು ಎಂಬ ದನಿ ಕೇಳಿಸಿತಂತೆ. ಅದನ್ನು ಅಕ್ಷರಶಃ ತೆಗೆದುಕೊಂಡ ಹುಡುಗ ಅಪ್ಪನ ಅಂಗಡಿಯ ಬಟ್ಟೆಯ ಹೊರೆಯನ್ನು ಕುದುರೆಯ ಸಮೇತ ಫೊಲಿನ್ಯೊ ಪೇಟೆಯಲ್ಲಿ ಮಾರಿ ಬಂದ. ಅಪ್ಪ ಸುಮ್ಮನಿರುತ್ತಾನೆಯೇ? ದೂರು ಬಿಷಪರ ಮುಂದೆ ಹೋಯಿತು. ಊರ ಜನ ನೆರೆದು ನೋಡುತ್ತಿದ್ದಂತೆ ಫ್ರಾನ್ಸಿಸ್ ಹಣವನ್ನಷ್ಟೇ ಅಲ್ಲ, ಮೈಮೇಲಿನ ಬಟ್ಟೆಯನ್ನೂ ಕಳಚಿ ಅಪ್ಪನ ಕೈಗೆ ಕೊಟ್ಟು ಬರಿಮೈಯಲ್ಲಿ ನಿಂತ. ಬಿಷಪರು ತಮ್ಮ ನಿಲುವಂಗಿಯನ್ನೇ ಅವನಿಗೆ ಹೊದಿಸಿದರು.

ನಮ್ಮವರಿಗೆ ಇದನ್ನು ಕೇಳಿದಾಗ ಪುರಂದರದಾಸರ ನೆನಪಾಗದೆ ಇರದು. ನವಕೋಟಿ ನಾರಾಯಣನೆನಿಸಿದ್ದ ವ್ಯಾಪಾರಿ ಎಲ್ಲವನ್ನೂ ಬಿಟ್ಟು ತಂಬೂರಿ ಹಿಡಿದು ಬೀದಿಗಿಳಿದ ಕತೆ ನಮಗೆ ಹೊಸದಲ್ಲ. ಇನ್ನೊಂದು ಹೋಲಿಕೆಯೂ ಇದೆ. ಪಂಡಿತರ ಲ್ಯಾಟಿನ್ ಬಿಟ್ಟು ತನ್ನ ಸೀಮೆಯ ಆಡುಮಾತಿನಲ್ಲಿ ಫ್ರಾನ್ಸಿಸ್ ಒಂದು ಸ್ತೋತ್ರ ಕಟ್ಟಿದ. ಅದರಲ್ಲಿ ಸೂರ್ಯ ಅಣ್ಣ, ಚಂದ್ರ ಅಕ್ಕ, ಬೆಂಕಿ ತಮ್ಮ, ನೀರು ತಂಗಿ. ಇಟಾಲಿಯನ್ ಸಾಹಿತ್ಯದ ಚರಿತ್ರೆ ಬರೆಯುವವರು ಈ 'ಸೂರ್ಯಸ್ತೋತ್ರ'ವನ್ನು ಮೊದಲ ಪುಟಗಳಲ್ಲೇ ಇಡುತ್ತಾರೆ. ಸಂಸ್ಕೃತದ ಬದಲು ಕನ್ನಡದಲ್ಲೇ ದೇವರೊಡನೆ ಮಾತಾಡಿದ ಶರಣರ, ದಾಸರ ನಾಡಿನಿಂದ ಬಂದ ನಮಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದರ ಮೇಲೊಂದು ಇಗರ್ಜಿ

ಫ್ರಾನ್ಸಿಸ್ ತೀರಿಕೊಂಡದ್ದು 1226ರ ಅಕ್ಟೋಬರ್ 3ರ ಸಂಜೆ. ಎರಡು ವರ್ಷ ತುಂಬುವುದರೊಳಗೆ, 1228ರ ಜುಲೈ 16ರಂದು, ಪೋಪ್ ಒಂಬತ್ತನೇ ಗ್ರೆಗರಿ ಅವರನ್ನು ಸಂತರೆಂದು ಘೋಷಿಸಿದರು. ಮರುದಿನವೇ ಬೆಸಿಲಿಕಾದ ಅಡಿಗಲ್ಲು ಹಾಕಿದರು. ಅಪರಾಧಿಗಳನ್ನು ಗಲ್ಲಿಗೇರಿಸುತ್ತಿದ್ದ ಜಾಗವೆಂದು 'ನರಕದ ಗುಡ್ಡ' ಎನಿಸಿಕೊಂಡಿದ್ದ ತಾಣ 'ಸ್ವರ್ಗದ ಗುಡ್ಡ'ವಾಯಿತು. ಒಂದರ ಮೇಲೊಂದು ಎರಡು ಇಗರ್ಜಿಗಳು, ಎರಡರ ಕೆಳಗೆ ಸಮಾಧಿ.

ಪ್ರವೇಶ ಉಚಿತ. ಆದರೆ ಭುಜ, ಮೊಣಕಾಲು ಮುಚ್ಚಿರಬೇಕು. ಒಳಗೆ ಫೋಟೋ ತೆಗೆಯುವಂತಿಲ್ಲ. ಕೆಳಗಿನ ಇಗರ್ಜಿ ಕತ್ತಲು ಕತ್ತಲು. ತಗ್ಗು ಕಮಾನುಗಳಲ್ಲೆಲ್ಲ ನೀಲಿ ಮತ್ತು ಚಿನ್ನದ ಚಿತ್ರಗಳು. ಸಿಮೋನೆ ಮಾರ್ತಿನಿ, ಪಿಯೆತ್ರೊ ಲೊರೆಂಜೆತ್ತಿ, ಚಿಮಬೂಯೆ, ಆ ಕಾಲದ ಇಟಲಿಯ ದೊಡ್ಡ ಕೈಗಳೆಲ್ಲ ಇಲ್ಲಿ ಕೆಲಸ ಮಾಡಿವೆ. ಜನರ ಗುಜುಗುಜು ಹೆಚ್ಚಾದಂತೆ ಧ್ವನಿವರ್ಧಕದಿಂದ "ಸಿಲೆಂತ್ಸಿಯೊ" ಎಂದು ಗಂಭೀರ ದನಿ. ಒಂದು ಕ್ಷಣ ನಿಶ್ಶಬ್ದ, ಮತ್ತೆ ಗುಜುಗುಜು. ನಮ್ಮ ಸಂಘದ ಯಕ್ಷಗಾನ ಪ್ರದರ್ಶನದಲ್ಲಿ ಮೈಕಿನಿಂದ "ದಯವಿಟ್ಟು ಮಾತಾಡಬೇಡಿ" ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡ ನನಗೆ ನಗು ತಡೆಯುವುದು ಕಷ್ಟವಾಯಿತು.

ಒಂದು ಮೂಲೆಯ ಕೋಣೆಯಲ್ಲಿ ಸಂತರ ಅಂಗಿಯನ್ನು ಇಟ್ಟಿದ್ದಾರೆ. ಬೂದುಬಣ್ಣದ ಒರಟು ಬಟ್ಟೆ, ತೇಪೆಯ ಮೇಲೆ ತೇಪೆ. ಬಟ್ಟೆ ವ್ಯಾಪಾರಿಯ ಮಗನ ಅಂಗಿ! ಹೊರಗಿನ ಚಿನ್ನದ ಗೆರೆಗಳ ಚಿತ್ರಗಳಿಗಿಂತ ನಾನು ಹೆಚ್ಚು ಹೊತ್ತು ನಿಂತದ್ದು ಇದರ ಮುಂದೆ.

ಅಲ್ಲಿಂದ ಮೆಟ್ಟಿಲಿಳಿದರೆ ಸಮಾಧಿ. ಯಾರಾದರೂ ಕದ್ದೊಯ್ದಾರು ಎಂಬ ಭಯದಿಂದ 1230ರಲ್ಲಿ ದೇಹವನ್ನು ಬಂಡೆಯೊಳಗೆ ಎಷ್ಟು ಗುಟ್ಟಾಗಿ ಹುದುಗಿಸಿದರೆಂದರೆ ಕಾಲಾನಂತರ ಎಲ್ಲಿದೆಯೆಂದು ಯಾರಿಗೂ ತಿಳಿಯದಾಯಿತು. ಮತ್ತೆ ಸಿಕ್ಕಿದ್ದು 1818ರಲ್ಲಿ, ರಾತ್ರಿಯ ಹೊತ್ತು ಗುಟ್ಟಾಗಿ ಅಗೆದು. ಈಗ ಒರಟು ಕಲ್ಲಿನ ಕಂಬದೊಳಗೆ ಕಬ್ಬಿಣದ ಸರಳುಗಳ ಹಿಂದೆ ಕಲ್ಲಿನ ಪೆಟ್ಟಿಗೆ. ಸುತ್ತಲಿನ ನಾಲ್ಕು ಮೂಲೆಗಳಲ್ಲಿ ನಾಲ್ವರು ಆಪ್ತ ಶಿಷ್ಯರು. ಎದುರಿಗೆ ಉರಿಯುವ ದೀಪಕ್ಕೆ ಪ್ರತಿವರ್ಷ ಅಕ್ಟೋಬರ್ 4ರ ಹಬ್ಬದಂದು ಇಟಲಿಯ ಒಂದೊಂದು ಪ್ರಾಂತ್ಯ ಸರದಿಯಂತೆ ಎಣ್ಣೆ ತಂದು ಒಪ್ಪಿಸುತ್ತದೆ.

ಮೆಟ್ಟಿಲ ಬಳಿ ಇನ್ನೊಂದು ಸಣ್ಣ ಸಮಾಧಿಯುಂಟು. ಅದು ಜಾಕೋಪಾ ಎಂಬ ರೋಮಿನ ವಿಧವೆಯದು. ಮರಣಶಯ್ಯೆಯಲ್ಲಿದ್ದ ಫ್ರಾನ್ಸಿಸರಿಗೆ ಆಕೆ ಮಾಡುತ್ತಿದ್ದ ಬಾದಾಮಿಯ ಸಿಹಿ ತಿನ್ನಬೇಕೆನಿಸಿತಂತೆ. ಎಲ್ಲವನ್ನೂ ಬಿಟ್ಟ ಮನುಷ್ಯನಿಗೂ ಕೊನೆಗಾಲದಲ್ಲಿ ಒಂದು ತಿಂಡಿಯ ಬಯಕೆ! ಹೇಳಿ ಕಳಿಸುವ ಮೊದಲೇ ಆಕೆ ಅದನ್ನು ಹಿಡಿದುಕೊಂಡು ಬಂದಿದ್ದಳು ಎನ್ನುತ್ತದೆ ಕತೆ. ಇದನ್ನು ನನ್ನವಳಿಗೆ ಹೇಳಿದೆ. "ಬಾಯಮ್ಮ ಕ್ರಿಸ್ಮಸ್ಸಿಗೆ ಕೊಡುತ್ತಿದ್ದ ಕುಸ್ವಾರ್ ನೆನಪಾಯಿತು" ಎಂದಳು ಅಷ್ಟೆ. ನೈವೇದ್ಯದ ಬತ್ತಿಗಳನ್ನು ಇಡುವ ಕಡೆ ಇಟಲಿಯ ಬಿಳಿ ಬತ್ತಿಗಳ ನಡುವೆ ಬಾಂದ್ರಾದ ಬತ್ತಿಯನ್ನು ಇಡಲು ಅವಳಿಗೆ ಮನಸ್ಸೇ ಬರಲಿಲ್ಲ. ಕೈಯಲ್ಲಿ ಹಿಡಿದು ಎರಡು ಸಲ ಮುಂದೆ ಹೋದವಳು ಎರಡು ಸಲವೂ ಹಿಂದೆ ಬಂದಳು. "ಹಚ್ಚದ ಬತ್ತಿ ಇಟ್ಟರೆ ಏನು ಬಂತು? ನಾಳೆ ನೋಡುವ" ಎಂದು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿದಳು. ನಾನು ವಾದ ಮಾಡಲು ಹೋಗಲಿಲ್ಲ.

ಮೇಲಿನ ಇಗರ್ಜಿ ಬೇರೆಯೇ ಲೋಕ. ಎತ್ತರ, ಬೆಳಕು, ಗಾಳಿ. ಸುತ್ತಲಿನ ಗೋಡೆಯ ಕೆಳಸಾಲಿನಲ್ಲಿ ಫ್ರಾನ್ಸಿಸರ ಬದುಕಿನ 28 ಚಿತ್ರಗಳು. ಜೊತ್ತೊ ಎಂಬ ಮಹಾಕಲಾವಿದ ಬರೆದದ್ದೆಂದು ಪ್ರತೀತಿ. ಎಲ್ಲವೂ ಅವನವೇ ಎಂಬುದರ ಬಗ್ಗೆ ಪಂಡಿತರಲ್ಲಿ ಇನ್ನೂ ಜಗಳವಿದೆ. ನಮ್ಮಂಥವರಿಗೆ ಆ ಜಗಳ ಬೇಡ. ಮಗ ಕಳಚಿಕೊಟ್ಟ ಬಟ್ಟೆಗಳನ್ನು ಕೈಮೇಲೆ ಹಾಕಿಕೊಂಡು ಸಿಟ್ಟಿನಿಂದ ಮುನ್ನುಗ್ಗುವ ಅಪ್ಪ, ಅವನನ್ನು ತಡೆದು ಹಿಡಿದ ಪಕ್ಕದವನು: ಏಳು ಶತಮಾನ ಕಳೆದರೂ ಅದು ನಮ್ಮ ಸೊಸೈಟಿಯ ಗೇಟಿನ ಬಳಿ ನಿನ್ನೆ ನಡೆದ ಜಗಳದಂತೆಯೇ ಇದೆ. ಹಕ್ಕಿಗಳಿಗೆ ಉಪದೇಶ ಮಾಡುವ ಪ್ರಸಿದ್ಧ ಚಿತ್ರ ಬಾಗಿಲ ಬಳಿಯಿದೆ. ಹೊರಡುವಾಗ ತಿರುಗಿ ನೋಡದಿದ್ದರೆ ತಪ್ಪಿಹೋಗುತ್ತದೆ.

ತಲೆಯೆತ್ತಿದರೆ ಚಾವಣಿಯಲ್ಲಿ ಅಲ್ಲಲ್ಲಿ ಬಣ್ಣ ಮಾಸಿದ, ತುಣುಕು ತುಣುಕಾದ ಭಾಗಗಳು ಕಾಣುತ್ತವೆ. 1997ರ ಸೆಪ್ಟೆಂಬರ್ 26ರ ನಸುಕಿನಲ್ಲಿ ಇಲ್ಲಿ ಭೂಕಂಪವಾಯಿತು. ಏನೇನು ಹಾಳಾಗಿದೆಯೆಂದು ಬೆಳಿಗ್ಗೆ ಒಳಗೆ ಪರಿಶೀಲನೆ ನಡೆಯುತ್ತಿದ್ದಾಗ 11 ಗಂಟೆ 42 ನಿಮಿಷಕ್ಕೆ ಇನ್ನೊಂದು ಕಂಪನ. ಚಾವಣಿ ಕುಸಿದು ಇಬ್ಬರು ಸಂನ್ಯಾಸಿಗಳೂ ಇಬ್ಬರು ತಜ್ಞರೂ ಅಲ್ಲೇ ಸತ್ತರು. ಅನಂತರ ನಡೆದದ್ದು ಕೇಳಬೇಕು. ಲಕ್ಷಗಟ್ಟಲೆ ಚೂರುಗಳನ್ನು, ಕೆಲವು ಉಗುರಿನಷ್ಟು ಸಣ್ಣವು, ಅವಶೇಷದಿಂದ ಆರಿಸಿ, ಬಣ್ಣದ ಪ್ರಕಾರ ತಟ್ಟೆಗಳಲ್ಲಿ ವಿಂಗಡಿಸಿ, ಹಳೆಯ ಫೋಟೋಗಳ ಜೊತೆ ಹೋಲಿಸಿ ಮತ್ತೆ ಜೋಡಿಸಿದರು. 1999ರ ನವೆಂಬರಿನಲ್ಲಿ ಇಗರ್ಜಿ ಮತ್ತೆ ತೆರೆಯಿತು. ಚಿತ್ರಗಳ ಕೆಲಸ ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು. ಜೋಡಿಸಲಾಗದ ಕಡೆ ಸುಳ್ಳು ಬಣ್ಣ ತುಂಬದೆ ಖಾಲಿಯಾಗಿಯೇ ಬಿಟ್ಟಿದ್ದಾರೆ. ಆ ಖಾಲಿ ಜಾಗಗಳ ಬಗ್ಗೆ ನನಗೆ ಚಿತ್ರಗಳಿಗಿಂತ ಹೆಚ್ಚು ಗೌರವ ಬಂತು.

ದೇಗುಲ, ಬಿಷಪರ ಮನೆ ಮತ್ತು ಜೀನ್ಸ್ ತೊಟ್ಟ ಸಂತ

ಎರಡನೆಯ ದಿನ ಬೆಳಿಗ್ಗೆ ಕಿಟಕಿ ತೆರೆದರೆ ಕೆಳಗಿನ ಬಯಲೆಲ್ಲ ಮಂಜಿನಲ್ಲಿ ಮುಳುಗಿತ್ತು. ಊರ ನಡುವಿನ ಚೌಕದಲ್ಲಿ ಆರು ಕಂಬಗಳ ಒಂದು ರೋಮನ್ ದೇಗುಲವಿದೆ, ಮಿನರ್ವಾ ದೇವಿಯದು, ಕ್ರಿಸ್ತಪೂರ್ವ ಒಂದನೇ ಶತಮಾನದ್ದು. 1786ರಲ್ಲಿ ಇಲ್ಲಿಗೆ ಬಂದ ಜರ್ಮನ್ ಕವಿ ಗಯಟೆ ಈ ದೇಗುಲವೊಂದನ್ನೇ ಕಣ್ತುಂಬ ನೋಡಿ, ಬೆಸಿಲಿಕಾದ ಕಡೆಗೆ ಮುಖವನ್ನೂ ತಿರುಗಿಸದೆ ಹೊರಟುಹೋದ. ಹೊರಗೆ ದೇಗುಲ, ಒಳಗೆ ಹೋದರೆ ಇಗರ್ಜಿ. ಮಿನರ್ವಾಳ ಮನೆ 16ನೇ ಶತಮಾನದಿಂದ ಮರಿಯಮ್ಮನದು. ನನಗೆ ನೆನಪಾದದ್ದು ನಮ್ಮ ಬೊರಿವಲಿಯ ಮಂಡಪೇಶ್ವರ. ಅದೇ ಶತಮಾನದಲ್ಲಿ ಆ ಶಿವಾಲಯದ ಗುಹೆಯನ್ನು ಇಗರ್ಜಿಯಾಗಿಸಿದವರು ಪೋರ್ಚುಗೀಸರೊಡನೆ ಬಂದ ಫ್ರಾನ್ಸಿಸ್ಕನ್ ಸಂನ್ಯಾಸಿಗಳೇ. ಇಂದು ಗುಹೆಯಲ್ಲಿ ಮತ್ತೆ ಶಿವಪೂಜೆ ನಡೆಯುತ್ತದೆ, ಮೇಲ್ಗಡೆ ಇಗರ್ಜಿಯ ಪಾಳುಗೋಡೆ ನಿಂತಿದೆ. ಹೆಸರು ಹೊತ್ತವರೆಲ್ಲ ಹೆಸರಿನವನಂತೆ ಇರಬೇಕೆಂದೇನೂ ಇಲ್ಲವಲ್ಲ.

ಬಿಷಪರ ಮನೆಯ ಬಳಿಯ ಹಳೆಯ ಇಗರ್ಜಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಾಲು. ಅದರಲ್ಲಿ ನಮ್ಮ ವಯಸ್ಸಿನವರು ಕಡಿಮೆ, ಶಾಲಾ ಮಕ್ಕಳೇ ಹೆಚ್ಚು. ಫ್ರಾನ್ಸಿಸ್ ಬಟ್ಟೆ ಕಳಚಿದ ತಾಣವೆಂದು ನೆನೆಯುವ ಈ ಇಗರ್ಜಿಯಲ್ಲಿ ಕಾರ್ಲೊ ಅಕೂತಿಸ್ ಎಂಬ ಬಾಲಕನ ದೇಹವನ್ನು ಗಾಜಿನ ಹಿಂದೆ ಇಟ್ಟಿದ್ದಾರೆ. 1991ರಲ್ಲಿ ಹುಟ್ಟಿದ ಈ ಹುಡುಗನಿಗೆ ಕಂಪ್ಯೂಟರಿನ ಹುಚ್ಚು; ಧರ್ಮದ ಪವಾಡಗಳನ್ನು ಒಟ್ಟುಮಾಡಿ ವೆಬ್‌ಸೈಟ್ ಮಾಡಿದವನು. 2006ರಲ್ಲಿ ಹದಿನೈದರ ಹರೆಯದಲ್ಲಿ ರಕ್ತಕ್ಯಾನ್ಸರಿಗೆ ಬಲಿಯಾದ. 2025ರ ಸೆಪ್ಟೆಂಬರ್ 7ರಂದು, ನಾವು ಹೋಗುವ ಹಿಂದಿನ ತಿಂಗಳಷ್ಟೇ, ಪೋಪ್ ಹದಿನಾಲ್ಕನೇ ಲಿಯೊ ಅವನನ್ನು ಸಂತನೆಂದು ಸಾರಿದ್ದರು. ಜೀನ್ಸ್, ಸ್ನೀಕರ್ ಶೂ ತೊಟ್ಟು ಮಲಗಿದ ಸಂತನನ್ನು ನಾನಂತೂ ಎಲ್ಲೂ ಕಂಡಿರಲಿಲ್ಲ. ಅಂಗಡಿಗಳಲ್ಲಿ ಅವನ ಚಿತ್ರದ ಕೀಚೈನು ಫ್ರಾನ್ಸಿಸರದ್ದಕ್ಕಿಂತ ಜೋರಾಗಿ ಮಾರಾಟವಾಗುತ್ತಿರುವಂತೆ ಕಂಡಿತು. ಮೊಮ್ಮಕ್ಕಳ ವಯಸ್ಸಿನ ಮಗುವೊಂದರ ದೇಹದ ಮುಂದೆ ಸಾಲು ಹಚ್ಚುವುದು ನನಗೆ ಹಿಡಿಸಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳಬೇಕು. ನನ್ನ ಪಕ್ಕದಲ್ಲಿ ಒಬ್ಬ ಹುಡುಗಿ ಗಾಜಿಗೆ ಕೈಯಿಟ್ಟು ಅಳುತ್ತಿದ್ದಳು. ಹಾಗಾಗಿ ನನ್ನ ಅಭಿಪ್ರಾಯವನ್ನು ನನ್ನಲ್ಲೇ ಇಟ್ಟುಕೊಂಡೆ.

ಇದೇ ಬಿಷಪರ ಮನೆಗೆ ಇನ್ನೊಂದು ಕತೆಯಿದೆ, ಪ್ರವಾಸಿಗಳು ಅಷ್ಟಾಗಿ ಕೇಳದ ಕತೆ. 1943-44ರಲ್ಲಿ ಜರ್ಮನ್ ಸೈನ್ಯ ಇಟಲಿಯನ್ನು ಹಿಡಿದಿದ್ದಾಗ ಬಿಷಪ್ ನಿಕೊಲೀನಿ ಮತ್ತು ಪಾದ್ರಿಗಳಾದ ಬ್ರುನಾಚ್ಚಿ, ನಿಕ್ಕಾಚ್ಚಿ ಮೊದಲಾದವರು ಸುಮಾರು 300 ಯೆಹೂದ್ಯರನ್ನು ಮಠಗಳಲ್ಲಿ, ಕನ್ಯಾಮಠಗಳಲ್ಲಿ ಬಚ್ಚಿಟ್ಟು ಕಾಪಾಡಿದರು. ಲೂಯಿಜಿ ಬ್ರಿತ್ಸಿ ಎಂಬ ಮುದ್ರಕ ಮತ್ತು ಅವನ ಮಗ ತಮ್ಮ ಸಣ್ಣ ಅಂಗಡಿಯಲ್ಲಿ ರಾತ್ರಿ ಕುಳಿತು ಬೇರೆ ಊರಿನ, ಬೇರೆ ಹೆಸರಿನ ಗುರುತುಪತ್ರಗಳನ್ನು ಅಚ್ಚುಹಾಕಿದರು. ಸೈಕಲ್ ಚಾಂಪಿಯನ್ ಜೀನೊ ಬರ್ತಾಲಿ ಅಭ್ಯಾಸದ ನೆಪದಲ್ಲಿ ಅಂಥ ಪತ್ರಗಳನ್ನು ಸೈಕಲ್ಲಿನ ಕೊಳವೆಯಲ್ಲಿ ಅಡಗಿಸಿ ಸಾಗಿಸುತ್ತಿದ್ದನೆಂಬುದೂ ಪ್ರಸಿದ್ಧ. ಊರಿನಲ್ಲಿ ಇದರ ನೆನಪಿಗೆ ಒಂದು ವಸ್ತುಸಂಗ್ರಹಾಲಯವಿದೆ. ಬೆಸಿಲಿಕಾ ನೋಡಿ ಓಡುವವರು ಅರ್ಧ ಗಂಟೆ ಇದಕ್ಕೂ ಕೊಡಬೇಕು.

ಸಂತ ಕ್ಲಾರಾಳ ಇಗರ್ಜಿ ಊರಿನ ಇನ್ನೊಂದು ತುದಿಯಲ್ಲಿದೆ. ಗುಲಾಬಿ, ಬಿಳಿ ಪಟ್ಟೆಗಳ ಮುಂಗೋಡೆ, ಪಕ್ಕದಲ್ಲಿ ದೊಡ್ಡ ಒತ್ತುಕಮಾನುಗಳು. ಶ್ರೀಮಂತ ಮನೆತನದ ಈ ಹುಡುಗಿ 1212ರ ಒಂದು ರಾತ್ರಿ ಮನೆಬಿಟ್ಟು ಬಂದು ಫ್ರಾನ್ಸಿಸರ ಕೈಯಿಂದ ಕೂದಲು ಕತ್ತರಿಸಿಕೊಂಡವಳು. ಆಸ್ತಿ ಹೊಂದದೆ ಬದುಕುವ ಹಕ್ಕಿಗಾಗಿ ಪೋಪರೊಡನೆ ಜೀವಮಾನವಿಡೀ ಹೋರಾಡಿದಳು. ಆಸ್ತಿಗಾಗಿ ಹೋರಾಡುವವರನ್ನು ನಾವು ಕಂಡಿದ್ದೇವೆ, ಆಸ್ತಿ ಬೇಡವೆಂದು ಹೋರಾಡಿದವಳು ಇವಳೇ ಇರಬೇಕು! ಫ್ರಾನ್ಸಿಸರೊಡನೆ ಮಾತಾಡಿದ ಶಿಲುಬೆ ಈಗ ಇರುವುದೂ ಇಲ್ಲೇ. ಅಲ್ಲಿಂದ ಆಲಿವ್ ತೋಪಿನ ನಡುವೆ ಒಂದೂವರೆ ಕಿಲೋಮೀಟರ್ ಇಳಿದರೆ ಸಾನ್ ದಮಿಯಾನೊ. ಕ್ಲಾರಾ ನಲವತ್ತು ವರ್ಷ ಬಾಳಿದ ಮಠ. ಊಟದ ಕೋಣೆಯಲ್ಲಿ ಮಸಿ ಹಿಡಿದ ಗೋಡೆ, ಸವೆದ ಮರದ ಮೇಜು, ಅವಳು ಕೂರುತ್ತಿದ್ದ ಜಾಗದಲ್ಲಿ ಹೂವು. ಬೇರೇನೂ ಇಲ್ಲ. ಕಣ್ಣು ಹೆಚ್ಚುಕಡಿಮೆ ಕಾಣದಾಗಿದ್ದ ಫ್ರಾನ್ಸಿಸರು ಸೂರ್ಯನನ್ನು ಹಾಡಿದ್ದು ಇಲ್ಲಿ ಕಾಯಿಲೆ ಮಲಗಿದ್ದಾಗ. ಇಡೀ ಅಸ್ಸಿಸಿಯಲ್ಲಿ ನನಗೆ ಎದ್ದು ಬರಲು ಮನಸ್ಸಾಗದ ಒಂದೇ ಜಾಗ ಇದು. ವಾಪಸು ಏರಿ ಬರುವಾಗ ಮಂಡಿಗಳು ಅದಕ್ಕೆ ತಕ್ಕ ದಂಡ ಕಟ್ಟಿದವು.

ಊಟದ ವಿಷಯ. ಸಸ್ಯಾಹಾರಿಗಳು ಹೆದರಬೇಕಿಲ್ಲ. 'ತೋರ್ತಾ ಅಲ್ ತೆಸ್ತೊ' ಎಂಬ ದಪ್ಪ ರೊಟ್ಟಿಯನ್ನು ಕಾವಲಿಯ ಮೇಲೆ ಸುಟ್ಟು, ಸೀಳಿ, ಒಳಗೆ ಸೊಪ್ಪಿನ ಪಲ್ಯ ಮತ್ತು ಚೀಸ್ ಇಟ್ಟು ಕೊಡುತ್ತಾರೆ. ಹಂದಿಮಾಂಸ ಬೇಡವೆಂದು ಮೊದಲೇ ಹೇಳಬೇಕು. ಇಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ನಮ್ಮ ಕೈಚೀಲದ ಮಿಡಿ ಉಪ್ಪಿನಕಾಯಿ ಆ ಕೊರತೆ ನೀಗಿತು.

ದೊಡ್ಡ ಮನೆಯೊಳಗಿನ ಸಣ್ಣ ಮನೆ

ಮಧ್ಯಾಹ್ನ ಸಾಮಾನು ಹೊತ್ತು ಕೆಳಗಿನ ಬಯಲಿಗೆ ಬಂದೆವು. ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಸಾಂತಾ ಮರಿಯಾ ದೆಲಿ ಆಂಜೆಲಿ ಬೆಸಿಲಿಕಾ. 1569ರಲ್ಲಿ ಆರಂಭಿಸಿ ನೂರಕ್ಕೂ ಹೆಚ್ಚು ವರ್ಷ ಕಟ್ಟಿದ ಭಾರೀ ಕಟ್ಟಡ. ಒಳಗೆ ಕಾಲಿಟ್ಟರೆ ಗುಮ್ಮಟದ ಅಡಿಯಲ್ಲಿ, ಆ ವಿಶಾಲ ಹಾಲಿನ ನಟ್ಟನಡುವೆ, ಒಂದು ಪುಟ್ಟ ಕಲ್ಲಿನ ಗುಡಿ. ಅದೇ ಪೋರ್ತ್ಸಿಯುಂಕೊಲಾ. ಹೆಸರಿನ ಅರ್ಥವೇ 'ಸಣ್ಣ ತುಂಡು ಜಾಗ'. ಸುಮಾರು ನಾಲ್ಕು ಮೀಟರ್ ಅಗಲ, ಏಳು ಮೀಟರ್ ಉದ್ದ. ನಮ್ಮ ಲೆಕ್ಕದಲ್ಲಿ 300 ಚದರಡಿ, ಒಂದು ರೂಂ-ಕಿಚನ್. ಫ್ರಾನ್ಸಿಸ್ ಸ್ವಂತ ಕೈಯಿಂದ ದುರಸ್ತಿ ಮಾಡಿ ಸಂಗಡಿಗರೊಡನೆ ನೆಲೆಸಿದ್ದು ಇಲ್ಲಿ. ಪ್ರಾಣ ಬಿಟ್ಟ ಕೋಣೆಯೂ ನಾಲ್ಕು ಹೆಜ್ಜೆ ಆಚೆಗಿದೆ. ಕೊನೆಯ ಗಳಿಗೆಯಲ್ಲಿ ತನ್ನನ್ನು ಬರಿ ನೆಲದ ಮೇಲೆ ಮಲಗಿಸಿ ಎಂದರಂತೆ.

ಅವರು ಬದುಕಿದ್ದಾಗ ಇಲ್ಲಿ ನಡೆದ ಒಂದು ಪ್ರಸಂಗವನ್ನು ಹಳೆಯ ಜೀವನಚರಿತ್ರೆಕಾರರು ಬರೆದಿದ್ದಾರೆ. ಸಂನ್ಯಾಸಿಗಳ ದೊಡ್ಡ ಸಮಾವೇಶಕ್ಕೆಂದು ಊರಿನವರು ಗುಡಿಯ ಪಕ್ಕದಲ್ಲಿ ಕಲ್ಲಿನ ಒಂದು ಮನೆ ಕಟ್ಟಿಸಿದರು. ಪ್ರವಾಸದಿಂದ ಮರಳಿದ ಫ್ರಾನ್ಸಿಸ್ ಅದನ್ನು ಕಂಡದ್ದೇ ಛಾವಣಿ ಹತ್ತಿ ಹೆಂಚುಗಳನ್ನು ಕಿತ್ತು ಕೆಳಗೆ ಎಸೆಯತೊಡಗಿದರು! ಇದು ನಿಮ್ಮದಲ್ಲ, ಪುರಸಭೆಯ ಆಸ್ತಿ ಎಂದು ಊರಿನವರು ಕೂಗಿ ಹೇಳಿದ ಮೇಲಷ್ಟೇ ಇಳಿದುಬಂದರಂತೆ. ಹನ್ನೆರಡು ವರ್ಷಗಳಿಂದ ಸಂಘದ ಕಟ್ಟಡ ಸಮಿತಿಯಲ್ಲಿರುವ ನನಗೆ ಈ ಕತೆ ಒಂದಿಷ್ಟು ಇರಿಸುಮುರಿಸು ಮಾಡಿತು. ರಶೀದಿ ಪುಸ್ತಕ ಹಿಡಿದು ನಿಮ್ಮೆಲ್ಲರ ಮನೆ ಬಾಗಿಲಿಗೆ ಬಂದವನು ನಾನು, ಮತ್ತೆಯೂ ಬರುವವನೇ. ಹಾಲ್ ಇಲ್ಲದೆ ಕನ್ನಡ ಕಲಿಕಾ ತರಗತಿ ನಡೆಯುವುದಾದರೂ ಎಲ್ಲಿ? ಆದರೆ ಹೆಂಚು ಕಿತ್ತೆಸೆದವನ ಗುಡಿಯ ಮೇಲೆಯೇ ಇಷ್ಟು ದೊಡ್ಡ ಗುಮ್ಮಟ ಎತ್ತಿದ್ದನ್ನು ಕಂಡು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಹೊರಗಿನ ಕಟ್ಟಡ 1832ರ ಭೂಕಂಪದಲ್ಲಿ ಬಹುಪಾಲು ಬಿದ್ದು ಮತ್ತೆ ಎದ್ದಿದೆ. ಒಳಗಿನ ಗುಡಿ ಹಾಗೆಯೇ ನಿಂತಿತ್ತು.

ಈ ನಡುವೆ ನನ್ನವಳು ಪಕ್ಕದಲ್ಲಿರಲಿಲ್ಲ. ಹುಡುಕಿದರೆ ಗುಡಿಯೊಳಗೆ ಗೋಡೆಗೊರಗಿ ಕುಳಿತಿದ್ದಳು. ಹೊರಗೆ ಬಂದವಳೇ, "ಬ್ಯಾಗು ನೀವು ನೋಡಿಕೊಳ್ಳಿ, ನಾನು ಮೇಲೆ ಹೋಗಿ ಬರುತ್ತೇನೆ" ಎಂದಳು. ರೈಲಿಗೆ ಇನ್ನು ಎರಡು ಗಂಟೆಯೂ ಇರಲಿಲ್ಲ. "ಇಲ್ಲೇ ಎಲ್ಲಾದರೂ ಇಡು" ಎಂದೆ. "ಇಲ್ಲ. ಬಾಯಮ್ಮ ಹೇಳಿದ್ದು ಸಮಾಧಿಯ ಹತ್ತಿರ." ಇಟಾಲಿಯನ್ನಿನಲ್ಲಿ 'ಗ್ರಾತ್ಸಿಯೆ' ಬಿಟ್ಟು ಬೇರೆ ಪದ ಬಾರದವಳು ಒಬ್ಬಳೇ ಬಸ್ಸು ಹತ್ತಿ ಹೋದಳು. ನಾನು ನಿಲ್ದಾಣದ ಬೆಂಚಿನಲ್ಲಿ ಕುಳಿತು ಗಡಿಯಾರ ನೋಡುತ್ತಾ ಉಳಿದೆ. ರೈಲಿಗೆ ಹದಿನೈದು ನಿಮಿಷ ಇರುವಾಗ ಬಸ್ಸಿನಿಂದ ಇಳಿದು ಬಂದಳು. ಕೈಯಲ್ಲಿ ಸೀರೆಯ ತುಂಡು ಮಾತ್ರ ಇತ್ತು, ಜೊತೆಗೆ ಆಲಿವ್ ಮರದಲ್ಲಿ ಕೆತ್ತಿದ 'ತಾವು' ಎಂಬ ಪುಟ್ಟ ಶಿಲುಬೆ. ಇಂಗ್ಲಿಷಿನ 'ಟಿ' ಅಕ್ಷರದಂಥ ಇದನ್ನು ಫ್ರಾನ್ಸಿಸರು ಸಹಿಯಂತೆ ಬಳಸುತ್ತಿದ್ದರು. ಇಲ್ಲಿನ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ.

ಹೋಗಬಯಸುವ ಸಂಘದ ಬಂಧುಗಳಿಗೆ ಎರಡು ಮಾತು. ರೋಮಿನಿಂದ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು, ಆದರೆ ಒಂದು ರಾತ್ರಿ ಉಳಿದರೆ ಟೂರಿಸ್ಟ್ ಬಸ್ಸುಗಳು ಹೋದ ಮೇಲಿನ ಊರು ಸಿಗುತ್ತದೆ. ಫ್ರಾನ್ಸಿಸರು ತೀರಿದ 800ನೇ ವರ್ಷವೆಂದು 2026ರುದ್ದಕ್ಕೂ ಜನಸಂದಣಿ ಹೆಚ್ಚು; ಅಕ್ಟೋಬರ್ 3, 4ರ ಹಬ್ಬದ ದಿನಗಳಿಗಾದರೆ ವಸತಿಯನ್ನು ತಿಂಗಳುಗಳ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೂಟು ಮೆತ್ತನೆಯದಿರಲಿ.

ಮುಂಬಯಿಗೆ ಮರಳಿದ ವಾರವೇ ಬಾಯಮ್ಮನ ಮಗಳು ವಸಾಯಿಯಿಂದ ಬಂದಿದ್ದಳು. ನನ್ನವಳು ಮರದ ಶಿಲುಬೆಯನ್ನು ಅವಳ ಕೈಗಿಟ್ಟಳು. ಹುಡುಗಿ ತುಂಬ ಹೊತ್ತು ಅದನ್ನು ತಿರುಗಿಸಿ ನೋಡಿ, "ಮಮ್ಮಿಯ ಬತ್ತಿ ಹಚ್ಚಿದಿರಾ ಆಂಟೀ?" ಎಂದು ಕೇಳಿದಳು.

"ಇಟ್ಟು ಬಂದಿದ್ದೇನೆ ಮಗಾ. ಹಚ್ಚುವುದು ಅಲ್ಲಿಯವರ ಕೆಲಸವಂತೆ" ಎಂದು ನನ್ನವಳು ಚಹಾ ಮಾಡಲು ಒಳಗೆ ಹೋದಳು.